ಆರು ತೆಪ್ಪ, ಒಂದು ಮ್ಯಾನ್‌ಹೋಲ್

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ನಮ್ಮ ಬಡಾವಣೆಯ ಕೆರೆ ಸುಮಾರು ಏಳು ಹೆಕ್ಟೇರ್ ವಿಸ್ತಾರದ್ದು. ಸರಾಸರಿ ಆಳ ಒಂದೂವರೆ ಮೀಟರ್. ಏರಿಯ ಮೇಲೆ ನಡೆದಾಡುವ ಹಾದಿ, ಮೂಡಣ ದಂಡೆಯಲ್ಲಿ ಪೆಡಲ್ ದೋಣಿಗಳ ಕಟ್ಟೆ, ಗಣೇಶನ ವಿಸರ್ಜನೆಗೆಂದು ಬೇರೆಯಾಗಿ ಕಟ್ಟಿದ ಕಲ್ಯಾಣಿ ಇವೆ. ಕಳೆದ ಫೆಬ್ರವರಿಯಲ್ಲಿ ದೋಣಿ ವಿಹಾರ ನಿಂತಿತು. ಪಡುವಣ ಗಾಳಿ ಬೀಸಿದಾಗಲೆಲ್ಲ ದೋಣಿಕಟ್ಟೆಯ ಸುತ್ತ ಹಸಿರು ಎನಾಮಲ್ ಬಣ್ಣ ಚೆಲ್ಲಿದಂತೆ ಪಾಚಿ ಒತ್ತರಿಸಿ ನಿಲ್ಲುತ್ತಿತ್ತು, ಅದರ ಕೊಳೆತ ವಾಸನೆಗೆ ಬೆಳಗಿನ ನಡಿಗೆಯವರು ಮೂಗು ಮುಚ್ಚಿಕೊಂಡು ಆ ತಿರುವು ದಾಟುತ್ತಿದ್ದರು. ನಾನು ಯಂತ್ರ ಕಾರ್ಯಾಗಾರದಲ್ಲಿ ದುಡಿದು ನಿವೃತ್ತನಾದವನು. ಕೆರೆಯನ್ನು ಸರಿಪಡಿಸಲು ಹೊರಟಾಗ ಜೊತೆಗೆ ಬಂದವರು ಒಬ್ಬ ಪ್ಲಂಬರ್, ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಮೀನಿನ ಗುತ್ತಿಗೆಯವರ ಕಡೆಯ ಒಬ್ಬ ದೋಣಿಯವರು. ಒಂದು ವರ್ಷದಲ್ಲಿ ನಾವು ಕಟ್ಟಿದ್ದು, ಕೆಡಿಸಿದ್ದು, ತಿದ್ದಿದ್ದು ಎಲ್ಲವನ್ನೂ ಟಿಪ್ಪಣಿ ಪುಸ್ತಕದಿಂದ ತೆಗೆದು ಇಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ: ಊಟದ ತಟ್ಟೆಯ ಅಳತೆ

ಬಡಾವಣೆಯ ಸಭೆಯಲ್ಲಿ ಬಂದ ಮೊದಲ ಸಲಹೆ ಕೆರೆಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಸುರಿಯಬೇಕೆಂಬುದು. ತೋಟಗಾರಿಕೆ ಬಲ್ಲವರಿಗೆ ಮೈಲುತುತ್ತ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಅನುಭವವಿರುವುದರಿಂದ ಅದು ಸಹಜವೇ. ತಾಮ್ರಕ್ಕೆ ಪಾಚಿ ಸಾಯುವುದು ನಿಜ. ಆದರೆ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿ ಮೀನುಗಳನ್ನು ಕೊಲ್ಲಬಲ್ಲದು, ಅದರ ಕೋಶಗಳಲ್ಲಿ ವಿಷವಿದ್ದರೆ ಕೋಶ ಒಡೆದಾಗ ಅದು ಒಮ್ಮೆಲೇ ನೀರಿಗೆ ಬಿಡುಗಡೆಯಾಗುತ್ತದೆ, ಪಾಚಿಯನ್ನು ಸಾಕಿದ ರಂಜಕವಂತೂ (ಫಾಸ್ಫರಸ್) ಒಂದು ಗ್ರಾಂ ಕೂಡ ಕಡಿಮೆಯಾಗದೆ ಕೆರೆಯಲ್ಲಿಯೇ ಉಳಿಯುತ್ತದೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸತ್ತು ತೇಲಿದ ಮೀನುಗಳ ರಾಶಿ ಸಭೆಯಲ್ಲಿದ್ದ ಹಲವರಿಗೆ ನೆನಪಿತ್ತು. ಮೈಲುತುತ್ತದ ಮಾತು ಅಲ್ಲಿಗೆ ನಿಂತಿತು.

ಏನನ್ನಾದರೂ ಮಾಡುವ ಮೊದಲು ಅಳೆಯಬೇಕೆಂದು ನಿರ್ಧರಿಸಿ ಸೆಕ್ಕಿ ತಟ್ಟೆಯೊಂದನ್ನು ಮಾಡಿಕೊಂಡೆವು. ಏಂಜೆಲೊ ಸೆಕ್ಕಿ ಎಂಬ ಪಾದ್ರಿ-ಖಗೋಳಜ್ಞರು 1865ರಲ್ಲಿ ಪೋಪರ ಹಡಗಿನಿಂದ ಸಮುದ್ರಕ್ಕೆ ಬಿಳಿಯ ತಟ್ಟೆಯನ್ನು ಇಳಿಬಿಟ್ಟು ನೀರಿನ ತಿಳಿತನವನ್ನು ಅಳೆದ ಉಪಾಯವೇ ಇಂದಿಗೂ ನಡೆದು ಬಂದಿದೆ. ಕೆರೆಗಳಿಗೆ 20 ಸೆಂಟಿಮೀಟರ್ ಅಡ್ಡಳತೆಯ, ನಾಲ್ಕು ಭಾಗವಾಗಿ ಕಪ್ಪು ಬಿಳುಪು ಬಳಿದ ತಟ್ಟೆ ಬೇಕು. ಮನೆಯಲ್ಲಿ ಯಾರೂ ಬಳಸದ ಸ್ಟೀಲ್ ತಟ್ಟೆಯೊಂದು ಸರಿಯಾಗಿ ಆ ಅಳತೆಗೆ ಸಿಕ್ಕಿತು. ನಡುವೆ ರಂಧ್ರ ಕೊರೆದು, ಐ ಬೋಲ್ಟ್ ಬಿಗಿದು, ತಳಕ್ಕೆ ಭಾರವಾಗಿ ನಾಲ್ಕು ದಪ್ಪ ನಟ್ಟುಗಳನ್ನು ಜೋಡಿಸಿ, ಹಗ್ಗಕ್ಕೆ ಹತ್ತು ಸೆಂಟಿಮೀಟರಿಗೊಂದರಂತೆ ಗುರುತು ಹಾಕಿದೆವು. ಹಿಗ್ಗದ ಹಗ್ಗವನ್ನೇ ಆರಿಸಬೇಕು. ನಾವು ಮೊದಲು ಕಟ್ಟಿದ ಹತ್ತಿಯ ಹಗ್ಗ ಒದ್ದೆಯಾದಾಗ ಕುಗ್ಗಿ ಗುರುತುಗಳೆಲ್ಲ ಸುಳ್ಳಾದವು.

ನಡು ಹಗಲಿನಲ್ಲಿ, ದೋಣಿಯ ನೆರಳಿನ ಬದಿಯಿಂದ ತಟ್ಟೆಯನ್ನು ಇಳಿಸಿ, ಅದು ಮರೆಯಾದ ಆಳ ಮತ್ತು ಮೇಲೆಳೆಯುವಾಗ ಮತ್ತೆ ಕಂಡ ಆಳ ಎರಡರ ಸರಾಸರಿಯನ್ನು ತೆಗೆದುಕೊಳ್ಳಬೇಕು. ನಮಗೆ ಬಂದದ್ದು 28 ಸೆಂಟಿಮೀಟರ್. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಆಳದಲ್ಲಿ ಹೊಳೆಯುವ ಬಿಳಿ ಬಣ್ಣವೇ ಕಾಣೆಯಾಗುತ್ತಿತ್ತು. ಕೆರೆಗಳ ವಿಜ್ಞಾನಿ ಕಾರ್ಲ್‌ಸನ್ 1977ರಲ್ಲಿ ಕೊಟ್ಟ ಸೂತ್ರದಂತೆ, ಮೀಟರಿನಲ್ಲಿ ಅಳೆದ ಈ ಆಳದ ಸ್ವಾಭಾವಿಕ ಲಾಗರಿದಮ್ಮನ್ನು 14.41ರಿಂದ ಗುಣಿಸಿ 60ರಿಂದ ಕಳೆದರೆ ಕೆರೆಯ ಪೋಷಣಾ ಸೂಚ್ಯಂಕ ಸಿಗುತ್ತದೆ. ನಮ್ಮದು 78. ಎಪ್ಪತ್ತು ದಾಟಿದ ಕೆರೆಯನ್ನು ಅತಿಪೋಷಿತ ಎನ್ನುತ್ತಾರೆ. ಮಕ್ಕಳ ವಿಷಯದಲ್ಲಿ ಹೊಗಳಿಕೆಯಾಗಬಹುದಾದ ಈ ಪದ ಕೆರೆಯ ಮಟ್ಟಿಗೆ ರೋಗದ ಹೆಸರು.

ಪಾಚಿಯ ಜಾತಿಯನ್ನು ಸ್ಥೂಲವಾಗಿ ತಿಳಿಯಲು ಗಾಜಿನ ಬಾಟಲಿಯೊಂದರಲ್ಲಿ ಮುಕ್ಕಾಲು ಭಾಗ ಕೆರೆಯ ನೀರು ತುಂಬಿ ರಾತ್ರಿಯಿಡೀ ಅಲುಗಾಡಿಸದೆ ಇಟ್ಟೆವು. ಬೆಳಿಗ್ಗೆ ನೋಡಿದಾಗ ಹಸಿರೆಲ್ಲ ಮೇಲಕ್ಕೆ ಬಂದು ಕತ್ತಿನ ಬಳಿ ಉಂಗುರದಂತೆ ಕೂತಿತ್ತು, ಕೆಳಗಿನ ನೀರು ಬಹುಮಟ್ಟಿಗೆ ತಿಳಿಯಾಗಿತ್ತು. ಹೀಗೆ ಮೇಲೇರುವುದು ಸಾಮಾನ್ಯವಾಗಿ ನೀಲಿ-ಹಸಿರು ಪಾಚಿ, ಅಂದರೆ ಸಯನೋಬ್ಯಾಕ್ಟೀರಿಯ. ಮೈಕ್ರೊಸಿಸ್ಟಿಸ್‌ನಂಥವು ತಮ್ಮ ಕೋಶದೊಳಗಿನ ಗಾಳಿಯ ಪೊಟ್ಟಣಗಳ ಬಲದಿಂದ ತೇಲುತ್ತವೆ. ಇವುಗಳಲ್ಲಿ ಕೆಲವು ಯಕೃತ್ತಿಗೆ ಹಾನಿ ಮಾಡುವ ಮೈಕ್ರೊಸಿಸ್ಟಿನ್ ಎಂಬ ವಿಷವನ್ನು ಉತ್ಪಾದಿಸಬಲ್ಲವು. ವಿಷವಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲವಾದ್ದರಿಂದ, ನಾಯಿಗಳನ್ನು ನೀರಿಗೆ ಬಿಡಬೇಡಿ, ಪಾಚಿ ಮುಟ್ಟಿದ ಕೈ ತೊಳೆಯಿರಿ ಎಂಬ ಫಲಕವನ್ನು ಅಂದೇ ಬರೆಸಿ ಹಾಕಿದೆವು.

ಆಮ್ಲಜನಕದ ಅಳತೆಗೆ ದೋಣಿಯವರೇ ದಾರಿ ತೋರಿದರು. “ಸಾರ್, ಮಧ್ಯಾಹ್ನ ನೋಡಿದ್ರೆ ಏನೂ ಗೊತ್ತಾಗಲ್ಲ. ಮೋಡ ಮುಚ್ಚಿದ ಮಾರನೇ ದಿನ ಕೋಳಿ ಕೂಗೋ ಹೊತ್ತಿಗೆ ಬನ್ನಿ, ಮೀನು ಬಾಯಿ ಬಿಡೋದು ಕಾಣ್ಸುತ್ತೆ,” ಎಂದರು. ಅವರ ಮಾತಿನಂತೆಯೇ ಮಾಡಿದೆವು. ಮಧ್ಯಾಹ್ನ ಮೂರಕ್ಕೆ ಪರೀಕ್ಷಾ ಕಿಟ್ ಲೀಟರಿಗೆ 14 ಮಿಲಿಗ್ರಾಂ ತೋರಿಸಿತು; ಬೆಂಗಳೂರಿನ ಎತ್ತರದಲ್ಲಿ 25 ಡಿಗ್ರಿಯ ನೀರು ಗಾಳಿಯಿಂದ ಪಡೆದು ಹಿಡಿದಿಟ್ಟುಕೊಳ್ಳುವುದು ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ, ಮಿಕ್ಕದ್ದು ಬಿಸಿಲಿನಲ್ಲಿ ಪಾಚಿ ಉಗುಳಿದ್ದು. ಬೆಳಗಿನ ಜಾವ ಐದೂವರೆಗೆ ಅದೇ ಜಾಗದಲ್ಲಿ ಒಂದೂವರೆ ಮಿಲಿಗ್ರಾಂ. ರಾತ್ರಿಯೆಲ್ಲ ಪಾಚಿಯೂ ಉಸಿರಾಡುತ್ತದೆ, ತಳದ ಕೆಸರೂ ಉಸಿರಾಡುತ್ತದೆ. ಮೀನುಗಾರಿಕೆಗೆ ಯೋಗ್ಯವಾದ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ. ಕಾರಂಜಿ ಹಾಕಿಸಿದರೆ ಸಾಕೆಂಬ ಸಲಹೆಯೂ ಬಂದಿತ್ತು. ಹಗಲು ಹೊತ್ತು ಓಡಿಸಿ ರಾತ್ರಿ ನಿಲ್ಲಿಸುವ ಕಾರಂಜಿ ಈ ಲೆಕ್ಕದಲ್ಲಿ ಅಲಂಕಾರಕ್ಕಷ್ಟೆ.

ಮಾರ್ಚ್–ಮೇ: ತೆಪ್ಪಗಳು

ನೀರಿನ ಮೇಲೆ ತೇಲುವ ಚೌಕಟ್ಟಿನಲ್ಲಿ ಗಿಡ ಬೆಳೆಸಿ, ಅವುಗಳ ಬೇರಿನಿಂದ ಸಾರಜನಕ ಮತ್ತು ರಂಜಕವನ್ನು ಹೀರಿಸಿ, ಸೊಪ್ಪನ್ನು ಕೊಯ್ದು ಹೊರಗೆ ಸಾಗಿಸುವುದು ನಮ್ಮ ಯೋಜನೆಯಾಗಿತ್ತು. ಕೆರೆಯ ಉಸ್ತುವಾರಿ ಹೊತ್ತ ಕಚೇರಿಯಿಂದ ಲಿಖಿತ ಅನುಮತಿ ಪಡೆದ ಮೇಲೆ ಕೆಲಸ ಆರಂಭಿಸಿದೆವು.

ನಾಲ್ಕಿಂಚಿನ ಪಿವಿಸಿ ಪೈಪು ಆರು ಮೀಟರ್ ಉದ್ದಕ್ಕೆ ಸಿಗುತ್ತದೆ. ಅದನ್ನು ಎರಡು, ಎರಡು, ಒಂದು, ಒಂದು ಮೀಟರಾಗಿ ಕತ್ತರಿಸಿ ನಾಲ್ಕು ಎಲ್ಬೋಗಳಿಂದ ಜೋಡಿಸಿದರೆ ಚೂರೂ ವ್ಯರ್ಥವಾಗದೆ ಒಂದು ಪೈಪಿಗೆ ಒಂದು ತೆಪ್ಪ ಸಿದ್ಧವಾಗುತ್ತದೆ. ಪೈಪಿನ ಹೊರಗಿನ ಅಡ್ಡಳತೆ 110 ಮಿಲಿಮೀಟರ್ ಆದ್ದರಿಂದ ಮೀಟರಿಗೆ ಒಂಬತ್ತೂವರೆ ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಆರು ಮೀಟರಿಗೆ 57 ಕಿಲೊ. ಪೈಪಿನ ಸ್ವಂತ ತೂಕ ಸುಮಾರು ಏಳು ಕಿಲೊ ಕಳೆದು ಉಳಿದ ಐವತ್ತರಲ್ಲಿ ಅರ್ಧವನ್ನು ಮಾತ್ರ ಹೊರೆಗೆ ಲೆಕ್ಕ ಹಿಡಿದೆ, ಉಳಿದರ್ಧ ಗಾಳಿ, ಅಲೆ ಮತ್ತು ಕೊಕ್ಕರೆಗಳ ಪಾಲಿಗೆ. ಚೌಕಟ್ಟಿನ ಅಡಿಗೆ ನೈಲಾನ್ ಬಲೆಯನ್ನು ಎರಡು ಪದರಾಗಿ ಬಿಗಿದು, ಅದರ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ಚಾಪೆಯಲ್ಲಿ ಕೊರೆದ ತೂತುಗಳಿಗೆ ಗಿಡಗಳನ್ನು ಬೇರು ಕೆಳಗಾಗುವಂತೆ ಸಿಕ್ಕಿಸಿದೆವು. ಮಣ್ಣು ಹಾಕಬಾರದು, ಮಣ್ಣಿದ್ದರೆ ಬೇರು ನೀರಿಗಿಳಿಯಲು ಸೋಮಾರಿತನ ತೋರುತ್ತದೆ, ಮಣ್ಣಿನಲ್ಲಿದ್ದ ಗೊಬ್ಬರವೂ ಕೆರೆಗೇ ಸೇರುತ್ತದೆ. ಗಿಡಗಳಾಗಿ ಲಾವಂಚ, ಜೊಂಡು ಮತ್ತು ಕಾಬಾಳೆಗಳನ್ನು ಆರಿಸಿಕೊಂಡೆವು. ವಾಟರ್ ಹಯಸಿಂತ್ ಇವೆಲ್ಲಕ್ಕಿಂತ ಬೇಗ ಬೆಳೆಯುವುದಾದರೂ ಚೌಕಟ್ಟಿನಿಂದ ತಪ್ಪಿಸಿಕೊಂಡ ಒಂದು ಬುಡ ಸಾಕು, ಬೆಳ್ಳಂದೂರಿನ ಹಾಗೆ ಕೆರೆಯ ಮುಖವನ್ನೇ ಮುಚ್ಚುವುದಕ್ಕೆ.

ಮೊದಲ ತೆಪ್ಪ ಮೂರನೇ ದಿನಕ್ಕೆ ಒಂದು ಮೂಲೆಗೆ ವಾಲಿತು. ದಡಕ್ಕೆಳೆದು ಅಲುಗಾಡಿಸಿದಾಗ ಒಳಗೆ ನೀರು ಕುಲುಕಿದ ಸದ್ದು ಕೇಳಿಸಿತು. ತಪ್ಪು ನನ್ನದೇ: ಪೈಪಿನ ತುದಿಯನ್ನು ಎಮರಿ ಕಾಗದದಿಂದ ಉಜ್ಜದೆ, ಹ್ಯಾಕ್ಸಾದ ಪುಡಿ ಮೆತ್ತಿಕೊಂಡಿದ್ದ ಹಾಗೆಯೇ ಸೊಲ್ಯೂಷನ್ ಹಚ್ಚಿ ಎಲ್ಬೋ ಕೂರಿಸಿದ್ದೆ, ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ, ರಾತ್ರಿ ಕುಗ್ಗುವಾಗ ಆ ಕೂದಲೆಳೆಯಷ್ಟು ಸಂದಿನಿಂದ ನೀರನ್ನು ಎಳೆದುಕೊಂಡಿತ್ತು. ಪ್ಲಂಬರ್ ತುಂಡನ್ನು ಬೆಳಕಿಗೆ ಹಿಡಿದು ನೋಡಿ, “ಇದು ಕುಡಿಯೋ ನೀರಿನ ಲೈನ್ ಆಗಿದ್ರೆ ಮನೆಯವರು ನನ್ನ ಬಿಡ್ತಿದ್ರಾ, ಅಣ್ಣಾ?” ಎಂದು ನಕ್ಕರು. ಕೀಲುಗಳನ್ನು ಮತ್ತೆ ಮಾಡುವುದರ ಜೊತೆಗೆ ಇನ್ನೊಂದು ಏರ್ಪಾಡು ಮಾಡಿದೆವು. ಮುಚ್ಚಳ ಬಿಗಿದ ಒಂದು ಲೀಟರಿನ ಖಾಲಿ ನೀರಿನ ಬಾಟಲಿಗಳು ಈ ಪೈಪಿನೊಳಗೆ ಸಲೀಸಾಗಿ ಜಾರುತ್ತವೆ. ಉದ್ದ ಬದಿಗಳಿಗೆ ಆರಾರು, ಗಿಡ್ಡ ಬದಿಗಳಿಗೆ ಮೂರು ಮೂರು, ಒಟ್ಟು ಹದಿನೆಂಟು ಬಾಟಲಿ ತುಂಬಿ ಅನಂತರ ಎಲ್ಬೋ ಅಂಟಿಸಿದರೆ, ನಾಳೆ ಪೈಪೇ ಒಡೆದು ನೀರು ನುಗ್ಗಿದರೂ ತೆಪ್ಪ ತಳ ಸೇರುವುದಿಲ್ಲ. ಥರ್ಮಾಕೋಲ್ ಅಗ್ಗವಾಗಿತ್ತು, ಆದರೆ ಅದು ಪುಡಿಯಾಗಿ ಕೆರೆಗೆ ಹೊಸ ಕಸವಾಗುವುದು ನಮಗೆ ಬೇಕಿರಲಿಲ್ಲ.

ಏಪ್ರಿಲ್ ಮೂರನೇ ವಾರದ ಹೊತ್ತಿಗೆ ಆರು ತೆಪ್ಪಗಳು, ಒಟ್ಟು ಹನ್ನೆರಡು ಚದರ ಮೀಟರ್, ದೋಣಿಕಟ್ಟೆಯ ಎದುರು ಸಾಲಾಗಿ ನಿಂತವು. ನಾಲ್ಕೇ ದಿನದಲ್ಲಿ ಮುಂಗಾರು ಪೂರ್ವದ ಗುಡುಗು ಮಳೆ ಬಂದು, ಮಾರನೇ ಬೆಳಿಗ್ಗೆ ಆರೂ ತೆಪ್ಪಗಳು ಕೋಡಿಯ ಬಳಿ ಒಂದರ ಮೇಲೊಂದು ಹತ್ತಿ ಕೂತಿದ್ದವು. ಲಂಗರಿಗೆಂದು ತಲಾ ಆರು ಇಟ್ಟಿಗೆ ಕಟ್ಟಿದ್ದೆವು. ಮೂರು ಕಿಲೊದ ಇಟ್ಟಿಗೆ ನೀರಿನೊಳಗೆ ಒಂದೂವರೆ ಕಿಲೊವೂ ತೂಗುವುದಿಲ್ಲ ಎಂಬುದನ್ನು ಹೈಸ್ಕೂಲಿನಲ್ಲಿ ಓದಿದ್ದವನು ನಾನು, ತೇಲುವ ಪೈಪಿಗೆ ಆ ಲೆಕ್ಕ ಮಾಡಿ ಮುಳುಗುವ ಇಟ್ಟಿಗೆಗೆ ಮಾಡಲು ಮರೆತಿದ್ದೆ. ಅನಂತರ ಪೇಂಟಿನ 20 ಲೀಟರ್ ಬಕೆಟ್ಟುಗಳಲ್ಲಿ ಕಾಂಕ್ರೀಟ್ ತುಂಬಿ, ನಡುವೆ ಸರಳಿನ ಕೊಂಡಿ ಹುದುಗಿಸಿ, ನೀರೊಳಗೂ ಇಪ್ಪತ್ತೈದು ಕಿಲೊಗೆ ಕಡಿಮೆಯಿಲ್ಲದೆ ತೂಗುವ ಲಂಗರು ಮಾಡಿದೆವು. ಹಗ್ಗವನ್ನು ಆಳದ ಮೂರು ಪಟ್ಟು ಉದ್ದ ಬಿಟ್ಟ ಮೇಲೆ ಒಂದು ತೆಪ್ಪವೂ ಕದಲಿಲ್ಲ.

ಮೇ ತಿಂಗಳು ಹಕ್ಕಿಗಳದ್ದು. ಕೆನ್ನೇರಳೆ ಮೈಯ, ಕೆಂಪು ಕೊಕ್ಕಿನ ನೀರುಕೋಳಿಗಳು ಜೊಂಡಿನ ಎಳೆ ಚಿಗುರನ್ನು ಕಬ್ಬಿನ ಜಲ್ಲೆಯಂತೆ ಕಾಲಿನಲ್ಲಿ ಹಿಡಿದು ಸಿಗಿದು ತಿಂದವು. ಬೇರು ಬಲೆಯಿಂದ ಕೆಳಗೆ ಒಂದು ಗೇಣು ಇಳಿಯುವವರೆಗೆ ಮೇಲೊಂದು ಜಾಲರಿ ಹೊದಿಸಿದ್ದರಿಂದ ಉಳಿದವು ಉಳಿದವು. ಲಾವಂಚವನ್ನು ಯಾವ ಹಕ್ಕಿಯೂ ಮುಟ್ಟಲಿಲ್ಲ.

ಜೂನ್: ಕೊಯ್ಲು ಮತ್ತು ಲೆಕ್ಕ

ಜೂನ್ ಕೊನೆಯಲ್ಲಿ ಮೊದಲ ಕೊಯ್ಲು ಮಾಡಿದೆವು. ತೂಗುಹಾಕುವ ತಕ್ಕಡಿಯಲ್ಲಿ ಆರು ತೆಪ್ಪಗಳ ಹಸಿ ಸೊಪ್ಪು 96 ಕಿಲೊ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮನೆಗೆ ಬಂದು ಒಂದು ಕಿಲೊ ಮಾದರಿಯನ್ನು ತಾರಸಿಯಲ್ಲಿ ಗರಿಗರಿಯಾಗುವ ತನಕ ಒಣಗಿಸಿದೆ. 110 ಗ್ರಾಂ ಉಳಿಯಿತು. ಅಂದರೆ ಒಣ ತೂಕ ಹತ್ತೂವರೆ ಕಿಲೊ. ಇಂಥ ಗಿಡಗಳ ಒಣ ತೂಕದಲ್ಲಿ ರಂಜಕದ ಪಾಲು ಸುಮಾರು ಸಾವಿರಕ್ಕೆ ಮೂರು ಎಂದು ಹಿಡಿದರೆ ಒಂದು ಕೊಯ್ಲಿಗೆ 32 ಗ್ರಾಂ, ವರ್ಷಕ್ಕೆ ನಾಲ್ಕು ಕೊಯ್ಲಾದರೆ 127 ಗ್ರಾಂ. ಒಬ್ಬ ಮನುಷ್ಯನ ದೇಹದಿಂದ ದಿನಕ್ಕೆ ಸುಮಾರು ಒಂದೂವರೆ ಗ್ರಾಂ ರಂಜಕ ಹೊರಹೋಗುತ್ತದೆ. ನಾಲ್ಕು ತಿಂಗಳು ಬೆವರಿಳಿಸಿ ಕಟ್ಟಿದ ತೆಪ್ಪಗಳು ವರ್ಷವಿಡೀ ದುಡಿದು ಹೊರತೆಗೆಯುವುದು ಒಬ್ಬನೇ ಒಬ್ಬ ಮನುಷ್ಯನ ಮೂರು ತಿಂಗಳ ಬಾಬತ್ತು.

ಈ ಲೆಕ್ಕವನ್ನು ಮಾರ್ಚಿಗೂ ಮುಂಚೆ ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಮಾಡಬಹುದಾಗಿತ್ತು. ಏರಿ ಒಡೆದಿರುವ ಕಡೆ ಬೊಗಸೆಯಲ್ಲಿ ನೀರು ಮೊಗೆಯುತ್ತಿದ್ದೇವೆಯೇ ಎಂದು ನೋಡುವ ಮೊದಲೇ ನಾವು ಬೊಗಸೆಯನ್ನು ಅಂದಗೊಳಿಸುತ್ತ ಕೂತಿದ್ದೆವು. ಹಾಗಾಗಿ ಪೈಪು ಕತ್ತರಿಸುವುದನ್ನು ನಿಲ್ಲಿಸಿ ಕೆರೆಗೆ ಬರುವ ನೀರಿನ ಕಡೆ ತಿರುಗಿದೆವು.

ಕೆರೆಗೆ ಮೂರು ಒಳಹರಿವುಗಳಿವೆ. ಒಂದು ಮಳೆ ಬಂದಾಗ ಮಾತ್ರ ಹರಿಯುತ್ತದೆ. ಉದ್ಯಾನದ ಕಡೆಯದ್ದು ಅಂದು ತೊಟ್ಟಿಕ್ಕುತ್ತಿತ್ತಷ್ಟೆ. ಮೂರನೆಯದು ರಾಜಕಾಲುವೆಯ ಕವಲು, ಮಳೆಯಿಲ್ಲದ ದಿನವೂ ಬೂದು ಬಣ್ಣದ ನೀರನ್ನು ಬಿಡದೆ ತರುತ್ತಿತ್ತು. ಫಾಸ್ಫೇಟ್ ಹೆಚ್ಚಿದಷ್ಟೂ ನೀಲಿಯಾಗುವ ಪರೀಕ್ಷಾ ಕಿಟ್ಟಿನಲ್ಲಿ ಅದರ ಗಾಢ ನೀಲಿ, ಬಣ್ಣಪಟ್ಟಿಯ ಕೊನೆಯ ಮನೆಯನ್ನೂ ಮೀರಿದ್ದರಿಂದ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸೇರಿಸಿ ಹತ್ತು ಪಟ್ಟು ತೆಳುವಾಗಿಸಿ ಮತ್ತೆ ನೋಡಿದೆವು: ಒಂದೂವರೆ, ಅಂದರೆ ಮೂಲದಲ್ಲಿ ಲೀಟರಿಗೆ 15 ಮಿಲಿಗ್ರಾಂ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಿಟ್ ತೋರಿಸುವುದು ಫಾಸ್ಫೇಟನ್ನು, ರಂಜಕವನ್ನಲ್ಲ. ಫಾಸ್ಫೇಟಿನ ತೂಕದಲ್ಲಿ ರಂಜಕ ಮೂರರಲ್ಲೊಂದು ಪಾಲು ಮಾತ್ರ, ಆದ್ದರಿಂದ 15ನ್ನು 5 ಎಂದು ಓದಬೇಕು. ಆ ಕವಲು ಕೆರೆಗೆ ಬೀಳುವ ಕೊಳವೆಯ ಬಾಯಿಗೆ 15 ಲೀಟರಿನ ಬಕೆಟ್ ಹಿಡಿದು ದಿನದಲ್ಲಿ ಆರು ಬಾರಿ ಹರಿವನ್ನೂ ಅಳೆದೆವು. ಬೆಳಿಗ್ಗೆ ಏಳಕ್ಕೆ ಆರು ಸೆಕೆಂಡಿನಲ್ಲಿ ತುಂಬಿದ ಬಕೆಟ್ ನಡುರಾತ್ರಿ ನಲವತ್ತು ಸೆಕೆಂಡ್ ತೆಗೆದುಕೊಂಡಿತು. ಮಳೆನೀರಿನ ಕಾಲುವೆಗೆ ಮನೆಗಳ ಸ್ನಾನದ ವೇಳಾಪಟ್ಟಿ ಗೊತ್ತಿರಬೇಕಾದ ಕಾರಣವಿಲ್ಲ!

ಸರಾಸರಿ ಸೆಕೆಂಡಿಗೆ ಒಂದು ಲೀಟರ್ ಎಂದು ಹಿಡಿದರೆ ದಿನಕ್ಕೆ 86,400 ಲೀಟರ್, ಅದರೊಂದಿಗೆ 432 ಗ್ರಾಂ ರಂಜಕ. ಆರು ತೆಪ್ಪಗಳು ಒಂದು ವರ್ಷದಲ್ಲಿ ಹೊರತೆಗೆಯುವುದನ್ನು ಆ ಕೊಳವೆ ಏಳು ಗಂಟೆಯಲ್ಲಿ ಒಳಗೆ ಸುರಿಯುತ್ತಿತ್ತು. ಕೆರೆಯ ಹತ್ತೂವರೆ ಕೋಟಿ ಲೀಟರ್ ನೀರಿಗೆ ಹಂಚಿದರೆ ಇದು ಲೀಟರಿಗೆ ದಿನವೊಂದಕ್ಕೆ ನಾಲ್ಕು ಮೈಕ್ರೊಗ್ರಾಂ. ಆರ್ಥಿಕ ಸಹಕಾರದ ಅಂತರರಾಷ್ಟ್ರೀಯ ಸಂಘಟನೆಯಾದ ಒಇಸಿಡಿಯ 1982ರ ವರ್ಗೀಕರಣದಲ್ಲಿ ಕೆರೆಯೊಂದನ್ನು ಪೋಷಕಾಂಶ ತುಂಬಿದ್ದು ಎನ್ನಲು 35 ಮೈಕ್ರೊಗ್ರಾಂ ಸಾಕು. ತೀರ ತಿಳಿಯಾದ ಕೆರೆಯನ್ನೂ ಈ ಕೊಳವೆ ಒಂಬತ್ತು ದಿನದಲ್ಲಿ ಆ ಗೆರೆ ದಾಟಿಸಬಲ್ಲದು.

ಜುಲೈ–ಆಗಸ್ಟ್: ಮ್ಯಾನ್‌ಹೋಲ್

ಕವಲಿನ ಗುಂಟ ಐವತ್ತು ಹೆಜ್ಜೆಗೊಂದು ಮಾದರಿ ತೆಗೆಯುತ್ತ ಮೇಲಕ್ಕೆ ನಡೆದೆವು. ಏಳನೇ ಮಾದರಿಯವರೆಗೂ ಕಿಟ್ ನೀಲಿಯಾಯಿತು, ಎಂಟನೆಯದು ಬಹುತೇಕ ಬಣ್ಣವಿಲ್ಲದೆ ಉಳಿಯಿತು. ಆ ಐವತ್ತು ಹೆಜ್ಜೆಗಳ ನಡುವೆ ಕಾಲುವೆಯ ಮೇಲೆ ಕಲ್ಲುಚಪ್ಪಡಿ, ಪಕ್ಕದ ಓಣಿಯಲ್ಲಿ ಒಳಚರಂಡಿಯ ಮ್ಯಾನ್‌ಹೋಲ್ ಇದ್ದವು. ಸಂಬಂಧಪಟ್ಟ ಕಚೇರಿಯ ಸಿಬ್ಬಂದಿ ಬಂದು ಮುಚ್ಚಳ ತೆಗೆದಾಗ, ಬಿಳಿ ಬಟ್ಟೆಗೆ ಹಾಕುವ ನೀಲಿಯ ಅರ್ಧ ಬಾಟಲಿಯನ್ನು ಅದರೊಳಗೆ ಸುರಿದೆವು. ಒಬ್ಬ ವಿದ್ಯಾರ್ಥಿ ಕೆಳಗಿನ ಕೊಳವೆಯ ಬಾಯಿಯಲ್ಲಿ ಫೋನ್ ಹಿಡಿದು ನಿಂತಿದ್ದ. ನಾಲ್ಕೂಕಾಲು ನಿಮಿಷಕ್ಕೆ, “ಬಂತು ಅಂಕಲ್, ನೀಲಿ ಬಂತು!” ಎಂದು ಕೂಗಿದ. ಒಳಚರಂಡಿಯ ಮುಂದಿನ ಕೊಳವೆಯಲ್ಲಿ ಮರದ ಬೇರು, ಬಟ್ಟೆಯ ಚಿಂದಿ ಸಿಕ್ಕಿ ಕಟ್ಟಿಕೊಂಡು, ಮೇಲೆದ್ದ ಕೊಳಚೆ ಮ್ಯಾನ್‌ಹೋಲಿನ ಗೋಡೆಯಲ್ಲಿ ಕಿತ್ತುಹೋಗಿದ್ದ ಇಟ್ಟಿಗೆಗಳ ಸಂದಿನಿಂದ ಚಪ್ಪಡಿಯ ಕೆಳಗೆ ಹರಿಯುತ್ತಿತ್ತು. ರಸ್ತೆಗೆ ಉಕ್ಕದ ಕಾರಣ ಯಾರೂ ದೂರು ಕೊಟ್ಟಿರಲಿಲ್ಲ.

ಓಣಿಯ ಒಬ್ಬರು, ಯಾರನ್ನಾದರೂ ಒಳಗಿಳಿಸಿದರೆ ಅರ್ಧ ಗಂಟೆಯ ಕೆಲಸ ಎಂದರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಇರುವುದೇ ಅಂಥ ಅರ್ಧ ಗಂಟೆಗಳನ್ನು ತಡೆಯಲು. ನೀರಿನ ರಭಸದಿಂದ ಕೊಳವೆಯ ಕಟ್ಟು ಬಿಡಿಸುವ ಜೆಟ್ಟಿಂಗ್ ಯಂತ್ರಕ್ಕೆ ನಾವು ಐದು ವಾರ ಕಾಯಬೇಕಾಯಿತು, ಕಾದೆವು. ನಾಲ್ಕು ಬಾರಿ ಕಚೇರಿಗೆ ಅಲೆದದ್ದರಲ್ಲಿ ಮೂರು ಬಾರಿ ಮಾತು ಮುಂದೆ ಸಾಗಲಿಲ್ಲ. ನಾಲ್ಕನೇ ಸಲ ಹರಿವಿನ ಅಳತೆಯ ಪುಟವನ್ನು ಮೇಜಿನ ಮೇಲಿಟ್ಟಾಗ ಎಂಜಿನಿಯರ್ ತಾವೇ ಕ್ಯಾಲ್ಕುಲೇಟರ್ ತೆಗೆದು ಗುಣಿಸಿ ನೋಡಿದರು. ಆಗಸ್ಟ್ ಕೊನೆಯಲ್ಲಿ ಕೊಳವೆ ಶುದ್ಧವಾಯಿತು, ಗೋಡೆಗೆ ಗಾರೆಯಾಯಿತು. ಮಾರನೇ ಬೆಳಿಗ್ಗೆ ಏಳಕ್ಕೆ ಬಕೆಟ್ ಹಿಡಿದರೆ ತಳ ಒದ್ದೆಯಾಗುವಷ್ಟೂ ನೀರು ಬರಲಿಲ್ಲ.

ಅನಂತರ

ತೆಪ್ಪಗಳನ್ನು ತೆಗೆಯಬೇಕೇ ಎಂಬ ಚರ್ಚೆ ನಡೆಯಿತು. ಇರಲಿ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಕೊಳವೆ ನಿಂತ ಮೇಲೆ 127 ಗ್ರಾಂಗೂ ಒಂದು ಅರ್ಥ ಬಂದಿದೆ, ಬೇರಿನ ಗೊಂಚಲಲ್ಲಿ ಮರಿ ಮೀನುಗಳು ಅಡಗುತ್ತವೆ. ಆದರೆ ಏಳನೇ ತೆಪ್ಪ ಕಟ್ಟುವುದಿಲ್ಲ. ಉಳಿದ ಹಣವನ್ನು ಮೂರನೇ ಒಳಹರಿವಿನ ಬಾಯಲ್ಲಿ ಹೂಳು ತಡೆಯುವ ಗುಂಡಿ ಮತ್ತು ಜೊಂಡಿನ ಪಾತಿಗೆ ಇಟ್ಟಿದ್ದೇವೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಕೊಳಚೆ ಸಂಸ್ಕರಣಾ ಘಟಕದಿಂದ ಹೊರಟ ನೀರು ಜೌಗು ನೆಲವನ್ನು ಹಾದು ಕೆರೆ ಸೇರುತ್ತದೆ. ನೀರು ದಾಟಿ ಬರಲೇಬೇಕಾದ ದಾರಿಯಲ್ಲಿ ಗಿಡವಿದ್ದರೆ ಅದರ ದುಡಿಮೆ ತೆಪ್ಪದ ದುಡಿಮೆಗಿಂತ ಬೇರೆಯೇ ಮಟ್ಟದ್ದು.

ಅಕ್ಟೋಬರಿನಲ್ಲಿ ಕೋಡಿ ಬಿದ್ದಿತು. ಡಿಸೆಂಬರಿನಲ್ಲಿ ಅದೇ ಜಾಗದಲ್ಲಿ ತಟ್ಟೆ 52 ಸೆಂಟಿಮೀಟರಿನವರೆಗೆ ಕಂಡಿತು, ಸೂಚ್ಯಂಕ 69. ಬೆಳಗಿನ ಜಾವದ ಆಮ್ಲಜನಕ ನಾಲ್ಕಕ್ಕೆ ಏರಿದೆ. ಆದರೆ ಕೋಡಿ ಹರಿದಾಗ ಹಳೆಯ ನೀರಿನೊಂದಿಗೆ ಪಾಚಿಯೂ ಕೊಚ್ಚಿಹೋಗಿರುವುದರಿಂದ ಈ ಅಂಕಿಯನ್ನು ಪೂರ್ತಿಯಾಗಿ ಮ್ಯಾನ್‌ಹೋಲಿನ ಖಾತೆಗೆ ಬರೆಯುವಂತಿಲ್ಲ. ತಳದ ಕೆಸರಿನಲ್ಲಿ ಕಬ್ಬಿಣಕ್ಕೆ ಅಂಟಿ ಕೂತ ಹಳೆಯ ರಂಜಕವೂ ಇದೆ. ತಳದಲ್ಲಿ ಆಮ್ಲಜನಕ ತೀರಿದಾಗಲೆಲ್ಲ ಅದು ಬಿಡಿಸಿಕೊಂಡು ನೀರಿಗೆ ಬರುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ಸರೋವರದಿಂದ ಕೊಳಚೆಯನ್ನು 1963ರಿಂದ 1968ರವರೆಗೆ ಹಂತಹಂತವಾಗಿ ಬೇರೆಡೆಗೆ ತಿರುಗಿಸಿದ ಮೇಲೆ ಅದರ ನೀರು ಕೆಲವೇ ವರ್ಷಗಳಲ್ಲಿ ತಿಳಿಯಾಯಿತು. ಆದರೆ ಅದು ಆಳವಾದ ಸರೋವರ. ಒಂದೂವರೆ ಮೀಟರಿನ ನಮ್ಮ ಕೆರೆಯಲ್ಲಿ ಕೆಸರೂ ಬಿಸಿಲೂ ಅಕ್ಕಪಕ್ಕದ ಮನೆಯವರಿದ್ದಂತೆ.

ಹೋಲಿಸಬೇಕಾದದ್ದು ಫೆಬ್ರವರಿಯನ್ನು ಫೆಬ್ರವರಿಯೊಂದಿಗೆ. ತಟ್ಟೆಯ ಬಿಳಿ ಬಣ್ಣ ಅಂಚಿನಲ್ಲಿ ಎದ್ದಿದೆ. ಈ ಭಾನುವಾರ ಉಜ್ಜಿ ಎರಡು ಕೋಟ್ ಎನಾಮಲ್ ಬಳಿದು, ಹಗ್ಗದ ಗುರುತುಗಳನ್ನು ಟೇಪಿಗೆ ಹಿಡಿದು ಮತ್ತೊಮ್ಮೆ ತಾಳೆ ನೋಡಬೇಕು. ದೋಣಿಯವರಿಗೆ ಫೆಬ್ರವರಿ ಎರಡನೇ ವಾರದ ಒಂದು ಮಧ್ಯಾಹ್ನ ಮತ್ತು ಒಂದು ಬೆಳಗಿನ ಜಾವವನ್ನು ಹೇಳಿಟ್ಟಿದ್ದೇನೆ.